ಬೇರು ಮೇಲೆ, ಕೊಂಬೆ ಕೆಳಗೆ: ಗೀತೆಯ ಹದಿನೈದನೇ ಅಧ್ಯಾಯದ ಚಿತ್ರಸುರುಳಿ ಮಾಡುವ ಬಗೆ

ಚಿತ್ರಸುರುಳಿ ಮಾಡಬೇಕೆನ್ನುವವರು ಕಾಗದ ಮುಟ್ಟುವ ಮೊದಲೇ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಬೇಕು: ನೀವು ಮಾಡುತ್ತಿರುವ ವಸ್ತು ವರ್ಷದ ಬಹುಪಾಲು ಸುತ್ತಿಕೊಂಡೇ ಇರುತ್ತದೆ. ಯಾವ ಕಾಗದ ತರಬೇಕು, ಬಣ್ಣ ಎಷ್ಟು ಪದರ ಹಚ್ಚಬೇಕು, ಬಂಗಾರ ಉಬ್ಬಿರಬೇಕೋ ಚಪ್ಪಟೆ ಇರಬೇಕೋ, ಈ ಎಲ್ಲ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಚಿತ್ರ ಎಷ್ಟೇ ಚೆಂದ ಇರಲಿ, ಸುತ್ತಿ ಬಿಚ್ಚಿದಾಗ ಬಣ್ಣ ಉದುರಿದರೆ ಪಟ್ಟ ಶ್ರಮವೆಲ್ಲ ನೀರಿಗೆ ಹೋದಂತೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಕಲಬುರಗಿ, ಯಾದಗಿರಿ ಕಡೆ ಸಾಂಪ್ರದಾಯಿಕ ಚಿತ್ರ ಎಂದೊಡನೆ ನೆನಪಾಗುವುದು ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಲೆ. ಅದರ ಬೆನ್ನಿಗೇ ಮೈಸೂರು, ತಂಜಾವೂರು ಶೈಲಿಗಳು ಬರುತ್ತವೆ. ಅವನ್ನು ನೋಡಿ ಕಲಿತ ಕೈಗೆ ಬಂಗಾರ ಎಂದರೆ ಉಬ್ಬು ಕೆಲಸ. ಕೆಳಗೆ ಗಟ್ಟಿ ಹಲಗೆ ಇದ್ದಾಗ ಉಬ್ಬು ನಿಲ್ಲುತ್ತದೆ. ಸುರುಳಿಗೆ ಅದೇ ಉಬ್ಬು ಹಾಕಿದರೆ ಮೊದಲ ಸುತ್ತಿಗೇ ಬಿರುಕು ಬಿಡುತ್ತದೆ.

ಸುರುಳಿಗಳಲ್ಲೂ ಎರಡು ಕುಲ. ತೆಲಂಗಾಣದ ಚೇರಿಯಾಲ, ರಾಜಸ್ಥಾನದ ಫಡ್, ಬಂಗಾಳದ ಪಟ ಇವೆಲ್ಲ ಕಥೆ ಹೇಳುವವರ ಪಟಗಳು. ಚಿತ್ರ ಮಾತ್ರ ಇರುತ್ತದೆ, ಮಾತು ಹೇಳುವವನ ಬಾಯಲ್ಲಿ. ಇನ್ನೊಂದು ಕುಲದಲ್ಲಿ ಗ್ರಂಥವೇ ಒಡೆಯ, ಚಿತ್ರ ಅದರ ಒಡವೆ. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿರುವ 1795ರ ಮಹಾಭಾರತ ಸುರುಳಿ ಈ ಎರಡನೆಯ ಬಗೆಯದು. ಉದ್ದ 72 ಮೀಟರ್, ಅಗಲ ಬರೀ 13.5 ಸೆಂಟಿಮೀಟರ್, ಅದರಲ್ಲೇ ಇಡೀ ಮಹಾಭಾರತವೂ 78 ಚಿತ್ರಗಳೂ ಇವೆ. ಕಾಶ್ಮೀರದ ಕಡೆ ಗೀತೆ, ವಿಷ್ಣುಸಹಸ್ರನಾಮ, ಭೀಷ್ಮಸ್ತವರಾಜ, ಅನುಸ್ಮೃತಿ, ಗಜೇಂದ್ರಮೋಕ್ಷ ಈ ಐದನ್ನು ಪಂಚರತ್ನ ಗೀತೆ ಎಂದು ಒಟ್ಟುಗೂಡಿಸಿ, ಬಂಗಾರದ ಅಂಚು ಕಟ್ಟಿ, ಚಿಕ್ಕ ಚಿಕ್ಕ ಹಸ್ತಪ್ರತಿ ಮಾಡುತ್ತಿದ್ದರು. ನಮ್ಮಲ್ಲಿ ಲೆಕ್ಕ, ದಾಖಲೆ ಬರೆದಿಡುತ್ತಿದ್ದ ಕಡತ ಮಡಿಸುವಂಥದ್ದು, ಸುತ್ತುವಂಥದ್ದಲ್ಲ. ಹಳೇ ವಾಡೆಗಳಲ್ಲಿ ಸುರುಳಿ ಸಿಕ್ಕರೆ ಅದು ಬಹುತೇಕ ಜಾತಕ: ಮೇಲೆ ಗಣಪತಿ, ಕೆಳಗೆ ಕುಂಡಲಿ, ಬದಿಗೆ ಹೂಬಳ್ಳಿ.

ಇಲ್ಲಿ ಹೇಳುತ್ತಿರುವುದು ಗ್ರಂಥಸುರುಳಿಯ ಕ್ರಮ.

ಪಠ್ಯ ಮತ್ತು ಅಳತೆ

ಮೊದಲ ಸುರುಳಿಗೇ ಸಹಸ್ರನಾಮ ಹಿಡಿಯಬೇಡಿ. ಗೀತೆಯ ಹದಿನೈದನೇ ಅಧ್ಯಾಯ ತೆಗೆದುಕೊಳ್ಳಿ. ಇಪ್ಪತ್ತೇ ಶ್ಲೋಕ, ಊಟಕ್ಕೆ ಮುಂಚೆ ಹೇಳುವ ರೂಢಿ ಇರುವುದರಿಂದ ಎಷ್ಟೋ ಮನೆಗಳಲ್ಲಿ ಬಾಯಿಪಾಠ. ಎಲ್ಲಕ್ಕಿಂತ ದೊಡ್ಡ ಕಾರಣ ಮೊದಲ ಶ್ಲೋಕದಲ್ಲೇ ಇದೆ: ‘ಊರ್ಧ್ವಮೂಲಮಧಃಶಾಖಮ್’. ಬೇರು ಮೇಲಿದ್ದು ಕೊಂಬೆ ಕೆಳಗೆ ಇಳಿಯುವ ಅಶ್ವತ್ಥ. ಪುಸ್ತಕದ ಹಾಳೆಯ ಮೇಲೆ ಆ ಮರ ಬರೆದರೆ ಯಾರೋ ಚಿತ್ರವನ್ನು ತಲೆಕೆಳಗಾಗಿ ಅಂಟಿಸಿದಂತೆ ಕಾಣುತ್ತದೆ. ಸುರುಳಿಯನ್ನು ಮೇಲಿನಿಂದ ಬಿಚ್ಚುತ್ತ ಬಂದರೆ ಮೊದಲು ಬೇರು, ಆಮೇಲೆ ಕಾಂಡ, ಆಮೇಲೆ ಕೊಂಬೆ ಕಾಣುತ್ತ ಹೋಗುತ್ತವೆ. ಇಷ್ಟು ಒಪ್ಪುವ ಪಠ್ಯ ಬೇರೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಲೆಕ್ಕ. ಇಪ್ಪತ್ತರಲ್ಲಿ ಹದಿನೈದು ಶ್ಲೋಕ ಅನುಷ್ಟುಪ್ ಛಂದಸ್ಸಿನವು. ಅರ್ಧಕ್ಕೆ 16 ಅಕ್ಷರ, ಒಂದರ್ಧ ಒಂದು ಸಾಲು. 2, 3, 4, 5 ಮತ್ತು 15ನೇ ಶ್ಲೋಕಗಳು ತ್ರಿಷ್ಟುಪ್. ಅವುಗಳ ಪಾದಕ್ಕೆ 11 ಅಕ್ಷರ, ಅಲ್ಲಲ್ಲಿ 12. ಎರಡು ಪಾದ ಒಂದೇ ಸಾಲಿಗೆ ಹಿಡಿಯುವುದಿಲ್ಲ, ಪಾದಕ್ಕೊಂದು ಸಾಲು ಕೊಡಿ. ಅಲ್ಲಿಗೆ 30 ಸಾಲಿಗೆ 20 ಸೇರಿ 50. ಶೀರ್ಷಿಕೆ, ‘ಶ್ರೀಭಗವಾನುವಾಚ’, ಕೊನೆಯ ಪುಷ್ಪಿಕೆ (ಅಧ್ಯಾಯ ಮುಗಿಯಿತೆನ್ನುವ ಸಾಲು) ಸೇರಿಸಿ 55 ಎಂದಿಟ್ಟುಕೊಳ್ಳಿ.

ಅಕ್ಷರವೊಂದಕ್ಕೆ ಸರಾಸರಿ 8 ಮಿಲಿಮೀಟರ್ ಅಗಲ ಹಿಡಿದರೆ 16 ಅಕ್ಷರದ ಸಾಲಿಗೆ 12.8 ಸೆಂ.ಮೀ. ಆಯಿತು. ಬರೆಯುವ ಜಾಗ 14 ಸೆಂ.ಮೀ., ಎರಡೂ ಬದಿಗೆ 2 ಸೆಂ.ಮೀ. ಅಂಚು, ಒಟ್ಟು ಅಗಲ 18. ಸಾಲಿನಿಂದ ಸಾಲಿಗೆ 14 ಮಿ.ಮೀ. ಬೇಕೇಬೇಕು. ನಾಗರಿ ಸುರುಳಿಗಳ ಒತ್ತೊತ್ತು ಸಾಲು ನೋಡಿ ಹಾಗೇ ಬರೆಯಹೋದರೆ ಕನ್ನಡ ಒಪ್ಪುವುದಿಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ; ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದುವವರಿಗೆ ಕಷ್ಟ. ಶ್ಲೋಕಗಳ ನಡುವೆ 6 ಮಿ.ಮೀ. ಹೆಚ್ಚಿಗೆ ಬಿಡಿ. ಬರವಣಿಗೆಗೆ ಹೀಗೆ ಸುಮಾರು 90 ಸೆಂ.ಮೀ. ಬೇಕಾಗುತ್ತದೆ. ತಲೆಚಿತ್ರಕ್ಕೆ 30, ಕೊನೆಯ ಚಿತ್ರಕ್ಕೆ 20, ಮೇಲ್ತುದಿಯಲ್ಲಿ ಹೊದಿಕೆಯಾಗಿ ಸುತ್ತಿಕೊಳ್ಳಲು 20, ಕೋಲಿಗೆ ಅಂಟಲು ಕೆಳಗೆ 10. ಒಟ್ಟು 170 ಸೆಂ.ಮೀ.

ಈ ಲೆಕ್ಕವನ್ನು ನಿಮ್ಮ ಕೈಬರಹಕ್ಕೆ ಹೊಂದಿಸಿಕೊಳ್ಳಿ. ಒಂದು ಹಳೇ ಹಾಳೆಯ ಮೇಲೆ ‘ಊರ್ಧ್ವಮೂಲಮಧಃಶಾಖಮಶ್ವತ್ಥಂ ಪ್ರಾಹುರವ್ಯಯಮ್’ ಸಾಲನ್ನು ಬರೆದು ಅಳೆದರೆ ಸಾಕು, ಅದರಲ್ಲಿ ಒತ್ತು, ವಿಸರ್ಗ, ದೀರ್ಘ ಎಲ್ಲ ಇವೆ.

ಕಾಗದ

ಹತ್ತಿಬಟ್ಟೆಯ ತಿರುಳಿನಿಂದ ಮಾಡಿದ ಕೈಕಾಗದ ಬೇಕು, 100ರಿಂದ 120 ಜಿ.ಎಸ್.ಎಂ. (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ). ಹಿಂದೆ ದಖನ್ನಿನ ಬರಹಗಾರರಿಗೆ ದೌಲತಾಬಾದ್ ಹತ್ತಿರದ ಕಾಗಜೀಪುರದ ಕಾಗದ ಹೆಸರುವಾಸಿ. ಈಗ ಹೈದರಾಬಾದ್ ಅಥವಾ ಬೆಂಗಳೂರಿನ ಕಲಾಸಾಮಗ್ರಿ ಅಂಗಡಿಗಳಿಂದ ತರಿಸಿಕೊಳ್ಳಬಹುದು. ಡ್ರಾಯಿಂಗ್ ಶೀಟ್ ಬೇಡ. ಮರದ ತಿರುಳಿನ ಅಗ್ಗದ ಕಾಗದ ಕೆಲವೇ ವರ್ಷಕ್ಕೆ ಹಳದಿಯಾಗಿ ಮುರಿಯುತ್ತದೆ. 56 × 76 ಸೆಂ.ಮೀ. ಹಾಳೆ ಒಂದೇ ಸಾಕು. ಉದ್ದಕ್ಕೆ 18 ಸೆಂ.ಮೀ. ಅಗಲದ ಮೂರು ಪಟ್ಟಿ ಸಿಗುತ್ತವೆ, ಜೋಡಿಸಿದರೆ ಎರಡು ಮೀಟರಿಗಿಂತ ಹೆಚ್ಚು. ಮೂರನೆಯದರಲ್ಲಿ ಉಳಿಯುವ ತುಂಡನ್ನು ಎಸೆಯಬೇಡಿ. ಬಣ್ಣ, ಬಂಗಾರದ ಪರೀಕ್ಷೆಗೆ ಇದೇ ಕಾಗದ ಬೇಕಾಗುತ್ತದೆ.

ಪಟ್ಟಿಗಳಿಗೆ ತೆಳು ಅಕ್ಕಿಗಂಜಿಯನ್ನು ಅಗಲ ಕುಂಚದಿಂದ ಎರಡೂ ಬದಿ ಹಚ್ಚಿ, ನೆರಳಲ್ಲಿ ಒಣಗಿಸಿ. ಗಂಜಿ ಬೆರಳಿಗೆ ನೀರಿನಂತೆ ಹತ್ತಬೇಕು, ಅಂಟುವಷ್ಟು ಗಟ್ಟಿ ಬೇಡ. ಪೂರ್ತಿ ಒಣಗಿದ ಮೇಲೆ ತಿಕ್ಕುವ ಕೆಲಸ. ಕಾಗದದ ಕೆಳಗೆ ನುಣುಪಾದ ಹಲಗೆ, ಕೈಯಲ್ಲಿ ಹಕೀಕ್ (ಅಗೇಟ್) ಕಲ್ಲು. ಅದಿಲ್ಲದಿದ್ದರೆ ದೊಡ್ಡ ಕವಡೆ ಅಥವಾ ನುಣ್ಣನೆಯ ಶಂಖದ ಬೆನ್ನು. ಒಂದೇ ದಿಕ್ಕಿಗೆ ಒತ್ತಿ ತಿಕ್ಕುತ್ತ ಹೋದರೆ ಕಾಗದ ದಂತದ ಹೊಳಪಿಗೆ ಬರುತ್ತದೆ. ಬೇಜಾರಿನ ಕೆಲಸ ನಿಜ, ಭುಜ ನೋಯುತ್ತದೆ. ಆದರೆ ಇದನ್ನು ಬಿಟ್ಟರೆ ಲೆಕ್ಕಣಿಕೆ (ಕಡ್ಡಿಯ ಲೇಖನಿ) ಕಾಗದದ ಎಳೆಗೆ ಸಿಕ್ಕಿಕೊಳ್ಳುತ್ತದೆ, ಮಸಿ ಹರಡುತ್ತದೆ, ತಪ್ಪು ಬರೆದರೆ ಒರೆಸಲೂ ಬರುವುದಿಲ್ಲ.

ಜೋಡಣೆಗೆ ಮೈದಾ ಹಿಟ್ಟನ್ನು ನೀರಲ್ಲಿ ಕದಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ಕಾಯಿಸಿ, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ. ಅವತ್ತಿನದು ಅವತ್ತಿಗೆ. ಹುಳ ಬೀಳಬಾರದೆಂದು ಮೈಲುತುತ್ತ ಹಾಕುವ ಪದ್ಧತಿ ಬೈಂಡಿಂಗ್ ಮಾಡುವವರಲ್ಲಿತ್ತು; ತಾಮ್ರದ ಅಂಶ ಕಾಗದವನ್ನು ತಿನ್ನುತ್ತದೆ, ಹಾಕಬೇಡಿ. ಸ್ಫಟಿಕವೂ (ಪಟಿಕ, ಆಲಂ) ಬೇಡ, ಅದರ ಹುಳಿಗೆ ಕಾಗದ ಕಂದುತ್ತದೆ. ಫೆವಿಕಾಲ್ ಅಂತೂ ಬೇಡವೇ ಬೇಡ, ಮುಂದೆ ಯಾರಾದರೂ ದುರಸ್ತಿಗೆ ಬಿಡಿಸಲು ಹೋದರೆ ಕಾಗದವೇ ಹರಿಯುತ್ತದೆ. ಕಂಬಳಿಗೆ ಹಾಕುವ ಹುಣಸೆಬೀಜದ ಸರಿ (ಅಂಟು) ಗಟ್ಟಿಯೇನೋ ಹೌದು, ಒಣಗಿದ ಮೇಲೆ ಬಿರುಸಾಗುವುದರಿಂದ ಸುರುಳಿಗೆ ಒಗ್ಗುವುದಿಲ್ಲ.

ಸೇರುವ ಅಂಚುಗಳನ್ನು ಬ್ಲೇಡಿನಿಂದ ಹೆರೆದು ತೆಳು ಮಾಡಿ, 1 ಸೆಂ.ಮೀ. ಮೇಲೊಂದು ಬರುವಂತೆ ಅಂಟಿಸಿ. ಮೇಲಿನ ಪಟ್ಟಿಯ ಅಂಚು ಕೆಳಗಿನದರ ಮೇಲೆ ಕೂರಬೇಕು, ಹೆಂಚು ಹೊದಿಸುತ್ತ ಬಂದ ಹಾಗೆ. ಆಗ ಕೆಳಮುಖವಾಗಿ ಬರುವ ಲೆಕ್ಕಣಿಕೆಗೆ ಅಂಚು ತಡೆಯುವುದಿಲ್ಲ. ಒತ್ತಲು ಶಹಾಬಾದಿ ಫರಸಿಯ ತುಂಡಿಗಿಂತ ಒಳ್ಳೆಯ ಭಾರ ಇಲ್ಲ, ಸಮತಟ್ಟಾಗಿರುತ್ತದೆ, ಮನೆಯ ಹಿತ್ತಲಲ್ಲೇ ಬಿದ್ದಿರುತ್ತದೆ. ಕೆಳಗೂ ಮೇಲೂ ಎಣ್ಣೆಕಾಗದ ಇಟ್ಟು ರಾತ್ರಿಯಿಡೀ ಬಿಡಿ. ಜೋಡಣೆ ಎಲ್ಲಿ ಬರುತ್ತದೆ ಎಂದು ಮೊದಲೇ ನೋಡಿ, ಅದು ಎರಡು ಶ್ಲೋಕಗಳ ನಡುವಿನ ತೆರಪಿಗೆ ಬೀಳುವಂತೆ ಮೇಲಿನ ಪಟ್ಟಿಯನ್ನು ಒಂದೆರಡು ಸೆಂ.ಮೀ. ಕತ್ತರಿಸಿಕೊಂಡರೆ ಮುಂದೆ ನೆಮ್ಮದಿ.

ಇಡೀ ಸುರುಳಿಗೆ ಹಿಂದೆ ಬಟ್ಟೆ ಅಂಟಿಸಬೇಕೇ ಎಂದು ಕೇಳುವವರಿದ್ದಾರೆ. ಇಷ್ಟು ಚಿಕ್ಕದಕ್ಕೆ ಬೇಡ. ಕಾಗದ ಹಿಗ್ಗುವ ರೀತಿ ಬೇರೆ, ಬಟ್ಟೆ ಹಿಗ್ಗುವ ರೀತಿ ಬೇರೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಒಣಸೆಕೆ, ಅದರ ಹಿಂದೆಯೇ ಮಳೆಗಾಲದ ತೇವ. ಎರಡರ ಎಳೆದಾಟಕ್ಕೆ ಸುರುಳಿ ಡೊಂಕಾಗುತ್ತದೆ. ಎರಡು ತುದಿಗಳಿಗೆ ಮಾತ್ರ ಹಿಂದಿನಿಂದ ಮಲ್‌ಮಲ್ ಅಂಟಿಸಿ, ಎಳೆತ ಬೀಳುವುದು ಅಲ್ಲಿ. ಇಡೀ ಕೆಲಸಕ್ಕೆ ಒಳ್ಳೆಯ ಕಾಲ ದೀಪಾವಳಿಯಿಂದ ಸಂಕ್ರಾಂತಿವರೆಗೆ.

ಗೆರೆ

ಪೆನ್ಸಿಲ್ ಬೇಡ. ಹಳೇ ಬರಹಗಾರರು ದಾರದ ಹಲಗೆ ಇಟ್ಟುಕೊಳ್ಳುತ್ತಿದ್ದರು, ಅದನ್ನೇ ಮಾಡಿ. ದಪ್ಪ ರಟ್ಟಿಗೆ ಎರಡೂ ಬದಿ ಸೂಜಿಯಿಂದ ತೂತು ಹಾಕಿ, ಗಟ್ಟಿ ದಾರವನ್ನು ಬಿಗಿಯಾಗಿ ಅಡ್ಡಡ್ಡ ಎಳೆಯಿರಿ. ಸಾಲಿಗೆ ಎರಡು ದಾರ: ಒಂದು ತಲೆಕಟ್ಟಿಗೆ, ಅದರ ಕೆಳಗೆ 6 ಮಿ.ಮೀ.ಗೆ ಇನ್ನೊಂದು ಅಕ್ಷರದ ಪಾದಕ್ಕೆ. ಅದರಿಂದ 8 ಮಿ.ಮೀ. ಬಿಟ್ಟು ಮುಂದಿನ ಜೋಡಿ. ಹತ್ತು ಸಾಲಿನ ಹಲಗೆ ಸಾಕು. ಕಾಗದವನ್ನು ಅದರ ಮೇಲಿಟ್ಟು ಬೆರಳಿಂದ ತಿಕ್ಕಿದರೆ ದಾರದ ಗುರುತು ಮೂಡುತ್ತದೆ. ಕಾಗದ ಸರಿಸಿ ಮತ್ತೆ ತಿಕ್ಕಿ. ಮಸಿ ಒಣಗಿದ ಮೇಲೆ ಹಿಂಬದಿಯಿಂದ ಕಲ್ಲಾಡಿಸಿದರೆ ಗುರುತು ಮಾಯವಾಗುತ್ತದೆ.

ಮಸಿ, ಲೆಕ್ಕಣಿಕೆ, ಬರವಣಿಗೆ

ಅಕ್ಷರ ಮೊದಲು, ಚಿತ್ರ ಆಮೇಲೆ. ಹಸ್ತಪ್ರತಿ ಮಾಡುವ ಕಡೆಗಳಲ್ಲೆಲ್ಲ ಬರಹಗಾರ ಜಾಗ ಬಿಟ್ಟು ಬರೆದು ಚಿತ್ರಗಾರನಿಗೆ ಕೊಡುತ್ತಿದ್ದ. ಚಿತ್ರದ ಜಾಗ ಖಾಲಿ ಉಳಿದ ಅರ್ಧಂಬರ್ಧ ಪ್ರತಿಗಳು ಇದಕ್ಕೆ ಸಾಕ್ಷಿ. ತಪ್ಪಾಗುವ ಸಂಭವ ಬರವಣಿಗೆಯಲ್ಲೇ ಹೆಚ್ಚು, ಬಂಗಾರ ಹಾಕಿದ ಮೇಲೆ ತಪ್ಪಾದರೆ ಬಂಗಾರವೂ ಹೋಯಿತು.

ಮಸಿಗೆ ಹರಳೆಣ್ಣೆ ದೀಪದ ಕಾಡಿಗೆ. ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಮಸಿಯನ್ನು ಗರಿಯಿಂದ ಗುಡಿಸಿ, ಗೋಂದಿನ ನೀರು ಹನಿಹನಿಯಾಗಿ ಹಾಕುತ್ತ ಅರೆಯಬೇಕು. ಗಾಜು ಅಥವಾ ಗ್ರಾನೈಟ್ ಮೇಲೆ ಅರೆಯಿರಿ. ಶಹಾಬಾದಿ ಕಲ್ಲು ಮೆದು. ಅದರ ಪುಡಿ ಸೇರಿ ಮಸಿ ಬೂದಿಬಣ್ಣಕ್ಕೆ ತಿರುಗುತ್ತದೆ. ಅರೆದಷ್ಟೂ ಒಳ್ಳೆಯದು, ಇದಕ್ಕೆ ಅಡ್ಡದಾರಿ ಇಲ್ಲ. ಕಾಡಿಗೆ ಮಸಿ ಬಿಸಿಲಿಗೆ ಮಾಸುವುದಿಲ್ಲ.

ಗೋಂದು ಜಾಲಿಮರದ್ದು. ಕಿರಾಣಿ ಅಂಗಡಿಯಲ್ಲಿ ಅಂಟಿನುಂಡಿಗೆ ಕೊಡುವ ಅಂಟೂ ನಡೆಯುತ್ತದೆ, ಆದರೆ ಒಂದು ಹರಳನ್ನು ರಾತ್ರಿ ನೀರಲ್ಲಿ ಹಾಕಿ ನೋಡಿ. ಕರಗಿದರೆ ಸರಿ. ಉಬ್ಬಿ ಲೋಳೆಯಂತೆ ಕೂತರೆ ಅದು ಬೇರೆ ಜಾತಿಯದು, ಉಂಡಿಗೇ ಇರಲಿ. ಒಂದು ಭಾಗ ಗೋಂದಿಗೆ ಎರಡು ಭಾಗ ನೀರು, ಸೋಸಿ, ಕೆಡದಂತೆ ಒಂದೆರಡು ಲವಂಗ.

ಲಾಳದ ಕಡ್ಡಿಯಿಂದ (ಜೊಂಡಿನಂಥ ಟೊಳ್ಳು ಕಡ್ಡಿ) ಲೆಕ್ಕಣಿಕೆ ಕತ್ತರಿಸಿಕೊಳ್ಳಿ. ಕಲಬುರಗಿ, ಬೀದರ್‌ನಲ್ಲಿ ಉರ್ದು ಬರಹ ಕಲಿಸುವವರು ಬಳಸುವ ಕಲಂ ಸಿಕ್ಕರೆ ಕಡ್ಡಿ ಅದೇ, ಆದರೆ ತುದಿಯ ಓರೆ ಉರ್ದುವಿಗೆ ತಕ್ಕದ್ದಿರುತ್ತದೆ. ಕನ್ನಡದ ಗುಂಡಕ್ಷರಕ್ಕೆ ಓರೆ ಕಡಿಮೆ ಇರಲಿ, ತುದಿ 1 ಮಿ.ಮೀ. ಸುತ್ತಮುತ್ತ. ಅಗಲ ತುದಿ ಹಿಡಿದರೆ ‘ಣ’, ‘ಖ’ ಒಳಗೆ ತುಂಬಿಕೊಳ್ಳುತ್ತವೆ.

ಅಚ್ಚಾದ ಪ್ರತಿಯನ್ನು ಎದುರಿಗಿಟ್ಟುಕೊಂಡೇ ಬರೆಯಿರಿ. ಬಾಯಿಪಾಠ ನಂಬಿ ಬರೆದಾಗಲೇ ಅಕ್ಷರ ಜಾರುವುದು. ಸಾಲು ಉದ್ದವಾಯಿತೆಂದು ಕೊನೆಯ ಅಕ್ಷರಗಳನ್ನು ಹಿಂಡಬೇಡಿ, ಮೊದಲಿಂದಲೇ ಅಂದಾಜು ಮಾಡಿ. ‘ಶ್ರೀಭಗವಾನುವಾಚ’, ಶ್ಲೋಕದ ಅಂಕೆ, ದಂಡಗಳಿಗೆ ಜಾಗ ಬಿಟ್ಟು, ಕಪ್ಪು ಮುಗಿದ ಮೇಲೆ ಒಟ್ಟಿಗೆ ಕೆಂಪಿನಲ್ಲಿ ತುಂಬಿ.

ತಪ್ಪಾದರೆ? ಹಿಂದಿನವರು ಹರಿತಾಳದ ಹಳದಿ ಬಳಿದು ಮೇಲೆ ಬರೆಯುತ್ತಿದ್ದರು. ಹರಿತಾಳ ಪಾಷಾಣದ (ಆರ್ಸೆನಿಕ್ ವಿಷದ) ಖನಿಜ, ಮನೆಗೆ ತರುವುದೇ ಬೇಡ. ಚೆನ್ನಾಗಿ ತಿಕ್ಕಿದ ಕಾಗದವಾದರೆ ಒದ್ದೆ ಹತ್ತಿಯಿಂದ ಮೆಲ್ಲಗೆ ಎತ್ತಿ, ಒಣಗಿಸಿ, ಮತ್ತೆ ಕಲ್ಲಾಡಿಸಿ ಬರೆಯಬಹುದು. ಅಕ್ಷರ ಬಿಟ್ಟುಹೋದರೆ ಹಂಸಪಾದ (ಬಿಟ್ಟ ಜಾಗ ತೋರಿಸುವ ಗುರುತು) ಹಾಕಿ ಅಂಚಿನಲ್ಲಿ ಬರೆಯಿರಿ, ಅದು ಅವಮಾನವೇನಲ್ಲ, ದೊಡ್ಡ ದೊಡ್ಡ ಪ್ರತಿಗಳಲ್ಲೂ ಇದೆ. ಪೂರ್ತಿಯಾದ ಮೇಲೆ ಒಬ್ಬರು ಮುದ್ರಿತ ಪ್ರತಿ ಓದಬೇಕು, ಇನ್ನೊಬ್ಬರು ಸುರುಳಿಯ ಮೇಲೆ ಕಣ್ಣಾಡಿಸಬೇಕು. ಮನೆಯ ಹಿರಿಯರಿಗೆ ಈ ಕೆಲಸ ಕೊಟ್ಟು ನೋಡಿ, ಖುಷಿಯಿಂದ ಮಾಡುತ್ತಾರೆ, ಒಂದು ವಿಸರ್ಗವನ್ನೂ ಬಿಡುವುದಿಲ್ಲ.

ಕೊನೆಗೆ ಪುಷ್ಪಿಕೆ: ‘ಪುರುಷೋತ್ತಮಯೋಗೋ ನಾಮ ಪಂಚದಶೋಽಧ್ಯಾಯಃ’. ಅದರ ಕೆಳಗೆ ಬರೆದವರ ಹೆಸರು, ಊರು, ಸಂವತ್ಸರ, ಮಾಸ, ತಿಥಿ. ಬೆನ್ನು, ಸೊಂಟ, ಕತ್ತು ಮುರಿದುಕೊಂಡು ತಲೆತಗ್ಗಿಸಿ ಕಷ್ಟದಿಂದ ಬರೆದ ಗ್ರಂಥ, ಜತನವಾಗಿ ಕಾಪಾಡಿ ಎಂದು ಹೇಳುವ ‘ಭಗ್ನಪೃಷ್ಠಕಟಿಗ್ರೀವಃ’ ಶ್ಲೋಕವನ್ನು ಬರಹಗಾರರು ಇಲ್ಲಿ ಸೇರಿಸುತ್ತಿದ್ದರು. ನೀವೂ ಸೇರಿಸಬಹುದು, ಅಷ್ಟು ಹೊತ್ತಿಗೆ ಆ ಶ್ಲೋಕದ ಪ್ರತಿ ಶಬ್ದದ ಅನುಭವ ಆಗಿರುತ್ತದೆ.

ಮರ

ಹಲವರು ಇಡೀ ಸುರುಳಿಗೆ ಒಂದೇ ಅಂಚು ಎಳೆದು ಬಿಡುತ್ತಾರೆ. ಈ ಅಧ್ಯಾಯಕ್ಕೆ ಹಾಗೆ ಮಾಡಿದರೆ ಪಠ್ಯ ಓದಿಲ್ಲವೆಂದೇ ಅರ್ಥ. ಶ್ಲೋಕಗಳು ಏನು ಹೇಳುತ್ತವೋ ಅಂಚು ಅದರಂತೆ ಬದಲಾಗಲಿ.

ತಲೆಯ 30 ಸೆಂ.ಮೀ.ನಲ್ಲಿ ಮೇಲೆ ಬಂಗಾರದ ನೆಲ, ಅದರೊಳಗಿಂದ ಬೇರುಗಳು ಹೊರಟು ಕಾಂಡವಾಗಿ ಇಳಿಯಲಿ. ಬರವಣಿಗೆ ಶುರುವಾಗುವಲ್ಲಿ ಕಾಂಡ ಎರಡಾಗಿ ಸೀಳಿ ಎಡಬಲ ಅಂಚುಗಳಲ್ಲಿ ಕೊಂಬೆಯಾಗಿ ಸಾಗಲಿ. ಎಲೆಗಳೇ ವೇದಗಳು ಎನ್ನುತ್ತದೆ ಮೊದಲ ಶ್ಲೋಕ. ಕೆಲವರು ಎಲೆಯೊಳಗೆ ಸೂಕ್ಷ್ಮಾಕ್ಷರದಲ್ಲಿ ಮಂತ್ರ ಬರೆಯುತ್ತಾರೆ, ಕೈ ಪಳಗುವವರೆಗೆ ಬರೀ ಎಲೆಯ ನರ ಎಳೆದರೆ ಸಾಕು. ಎರಡನೇ ಶ್ಲೋಕದಲ್ಲಿ ವಿಷಯಗಳನ್ನು ಚಿಗುರು ಎಂದಿದೆ. ಅರಳಿಯ ಚಿಗುರನ್ನು ಚೈತ್ರದಲ್ಲಿ ನೋಡಿದ್ದೀರಲ್ಲ, ತಾಮ್ರಗೆಂಪು, ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಆ ನಾಲ್ಕು ಸಾಲಿನ ಬದಿಯಲ್ಲಿ ಎಲೆ ಕಡಿಮೆ ಮಾಡಿ, ಕೆಂಪು ಚಿಗುರು ತುಂಬಿ.

ಮೂರನೇ ಶ್ಲೋಕದಲ್ಲಿ ಅಸಂಗವೆಂಬ ಆಯುಧದಿಂದ ಮರ ಕಡಿಯುವ ಮಾತು ಬರುತ್ತದೆ. ಅಲ್ಲಿ ಅಂಚಿನ ಕೊಂಬೆ ನಿಜವಾಗಿಯೂ ತುಂಡಾಗಬೇಕು. ಒಂದು ಬದಿ ಕೊಡಲಿ, ಇನ್ನೊಂದು ಬದಿ ಕತ್ತರಿಸಿದ ತುದಿ. ಅಲ್ಲಿಂದ ಕೆಳಗೆ ಬಳ್ಳಿ ಇಲ್ಲ, ಎಲೆ ಇಲ್ಲ. ಎರಡೆಳೆ ಬಂಗಾರದ ಗೆರೆ ಮಾತ್ರ. ಈ ಖಾಲಿತನಕ್ಕೆ ಹೆದರಿ ಹೂವು ತುಂಬಬೇಡಿ. ಆರನೇ ಶ್ಲೋಕದ ಬದಿಗೆ ಸೂರ್ಯ, ಚಂದ್ರ, ಅಗ್ನಿ, ಮೂರು ಚಿಕ್ಕ ಬಿಲ್ಲೆ. ಹದಿನಾಲ್ಕನೆಯದಕ್ಕೆ, ವೈಶ್ವಾನರನಾಗಿ ನಾಲ್ಕು ಬಗೆಯ ಅನ್ನ ಪಚನ ಮಾಡುವೆನೆನ್ನುವಲ್ಲಿ, ಒಂದು ಜ್ವಾಲೆ. ಕೊನೆಯ 20 ಸೆಂ.ಮೀ.ನಲ್ಲಿ ರಥದ ಮೇಲೆ ಕೃಷ್ಣಾರ್ಜುನರು.

ಬಳ್ಳಿ, ಎಲೆಯ ನಮೂನೆಗೆ ಇಂಟರ್‌ನೆಟ್ ಹುಡುಕುವ ಮೊದಲು ಬೀದರಿಗೆ ಹೋಗಿಬನ್ನಿ. ಅಷ್ಟೂರಿನಲ್ಲಿ 1436ರಲ್ಲಿ ತೀರಿದ ಅಹ್ಮದ್ ಶಾ ವಲಿಯ ಗುಮ್ಮಟದ ಒಳಗೆ ಬಂಗಾರ, ಹಿಂಗುಳದ ಕೆಂಪಿನಲ್ಲಿ ಮಾಡಿದ ಅಲಂಕಾರವಿದೆ, ಅಕ್ಷರವೂ ಬಳ್ಳಿಯೂ ಒಂದರ ಜಾಗ ಇನ್ನೊಂದು ತಿನ್ನದೆ ಹೇಗೆ ಕೂರುತ್ತವೆ ಎಂದು ನೋಡಲು ಅದಕ್ಕಿಂತ ದೊಡ್ಡ ಪಾಠಶಾಲೆ ಹತ್ತಿರದಲ್ಲಿಲ್ಲ. ಮಹಮೂದ್ ಗವಾನನ 1472ರ ಮದರಸಾದ ಹೆಂಚಿನ ಕೆಲಸವೂ ಹಾಗೇ. ಬಿದರಿ ಕುಶಲಕರ್ಮಿಗಳು ಮೈಲುತುತ್ತ ಬಳಿದು ಕಪ್ಪಾಗಿಸಿದ ಲೋಹದ ಮೇಲೆ ಉಳಿಯಿಂದ ನೇರ ಬಳ್ಳಿ ಎಳೆಯುವುದನ್ನು ಒಂದು ತಾಸು ಕೂತು ನೋಡಿ. ಬಳ್ಳಿ ಎಲ್ಲಿ ತಿರುಗಬೇಕು, ಎಲ್ಲಿ ಕವಲೊಡೆಯಬೇಕು ಎಂಬುದು ಕೈಗೆ ಹತ್ತುತ್ತದೆ. ಬಹಮನಿ ಕಾಲದ ಬಳ್ಳಿಯನ್ನು ಗೀತೆಯ ಅಂಚಿಗೆ ತರಬಹುದೇ ಎಂದು ಯಾರಾದರೂ ಹುಬ್ಬೇರಿಸಿದರೆ, ಅಹ್ಮದ್ ಶಾ ವಲಿಯ ಉರುಸಿಗೆ ಜಂಗಮರು ಬರುವ ಊರಿನವರು ನಾವು ಎಂದು ಹೇಳಿ ಸುಮ್ಮನಾಗಿ.

ಬಂಗಾರ

ಸ್ವೀಟ್ ಮೇಲೆ ಹಾಕುವ ಬೆಳ್ಳಿ ವರಖ್ (ಬಡಿದು ತೆಳುವಾಗಿಸಿದ ಹಾಳೆ, ರೇಕು) ಕಪ್ಪಾಗುತ್ತದೆ. ಬಂಗಾರದಂತೆ ಕಾಣುವ ಹಿತ್ತಾಳೆ ರೇಕು ಹಸಿರುಗಟ್ಟಿ ಕಾಗದವನ್ನೂ ಕೆಡಿಸುತ್ತದೆ. ಕಡಿಮೆ ಜಾಗಕ್ಕೆ ಹಾಕಿ, ಆದರೆ ನಿಜವಾದ ಬಂಗಾರವನ್ನೇ ಹಾಕಿ. ಹೈದರಾಬಾದ್‌ನ ಚಾರ್ಮಿನಾರ್ ಸುತ್ತಿನ ಗಲ್ಲಿಗಳಲ್ಲಿ ವರಖ್ ಸಿಗುತ್ತದೆ. ಬಂಗಾರದ್ದೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ತಲೆಚಿತ್ರದ ನೆಲಕ್ಕೆ ರೇಕು. ಗೋಂದಿನ ನೀರಿಗೆ ನಾಲ್ಕನೇ ಒಂದು ಪಾಲು ಜೇನು ಸೇರಿಸಿ ತೆಳುವಾಗಿ ಹಚ್ಚಿ. ಜೇನು ಇದ್ದರೆ ಅಂಟು ಬಿರುಸಾಗುವುದಿಲ್ಲ, ಸುತ್ತಿದಾಗ ಬಾಗುತ್ತದೆ. ಬಹುತೇಕ ಒಣಗಿದ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು ರೇಕು ಇಡಿ. ಫ್ಯಾನ್ ಬಂದ್ ಇರಲಿ, ಕಿಟಕಿ ಮುಚ್ಚಿರಲಿ. ಒಂದು ದಿನ ಬಿಟ್ಟು, ಮೇಲೆ ನುಣುಪು ಕಾಗದ ಇಟ್ಟು ಹಕೀಕಿನಿಂದ ತಿಕ್ಕಿ. ಈ ಕೆಲಸ ಬಣ್ಣಕ್ಕಿಂತ ಮುಂಚೆಯೇ ಮುಗಿಯಬೇಕು. ಬಣ್ಣದಲ್ಲೂ ಗೋಂದು ಇರುತ್ತದೆ, ರೇಕು ಬೇಡದ ಕಡೆಯೆಲ್ಲ ಹತ್ತಿಕೊಳ್ಳುತ್ತದೆ, ಕಲ್ಲು ಬಣ್ಣವನ್ನು ಎಳೆಯುತ್ತದೆ.

ಗೆರೆಗಳಿಗೆ ಬಂಗಾರದ ಮಸಿ. ರೇಕುಗಳನ್ನು ಪಿಂಗಾಣಿ ತಟ್ಟೆಯಲ್ಲಿ ಜೇನಿನೊಂದಿಗೆ ಬೆರಳಿಂದ ತೇಯುತ್ತ ಹೋಗಿ, ಹೊಳಪು ಮಾಯವಾಗಿ ಕಂದು ಲೇಪದಂತಾಗುವವರೆಗೆ. ಆಮೇಲೆ ನೀರು ಹಾಕಿ ಕದಡಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರು ಬಸಿಯಿರಿ. ಜೇನಿನ ಅಂಟು ಹೋಗುವವರೆಗೆ ಹೀಗೇ ತೊಳೆಯಬೇಕು. ತಳದ ಪುಡಿಗೆ ಗೋಂದಿನ ನೀರು ಒಂದೆರಡು ಹನಿ ಸಾಕು, ಹೆಚ್ಚಾದರೆ ಹೊಳಪು ಬರುವುದಿಲ್ಲ. ಕುಂಚದಿಂದ ಎಳೆದು, ಒಣಗಿಸಿ, ತಿಕ್ಕಿ. ಕಿರೀಟ, ಕಡಗದ ಚುಕ್ಕೆಗಳನ್ನು ಮಾತ್ರ ಎಲ್ಲ ಬಣ್ಣ ಮುಗಿದ ಮೇಲೆ ಇಟ್ಟು, ತಿಕ್ಕದೆ ಹಾಗೇ ಬಿಡಿ.

ಬಣ್ಣ

ಬೀದರ್ ಕೂತಿರುವುದೇ ಕೆಂಪು ಜಂಬಿಟ್ಟಿಗೆಯ ಮೇಲೆ. ಅಲ್ಲಿಯ ಕೆಮ್ಮಣ್ಣನ್ನು ಪುಡಿ ಮಾಡಿ ನೀರಲ್ಲಿ ಕದಡಿ, ಮರಳು ಕೆಳಗಿಳಿದ ತಕ್ಷಣ ಮೇಲಿನ ಕೆಂಪುನೀರನ್ನು ಬೇರೆ ಪಾತ್ರೆಗೆ ಸುರಿಯಿರಿ. ಅದು ರಾತ್ರಿಯಿಡೀ ಇಳಿದಾಗ ತಳದಲ್ಲಿ ಸಿಗುವ ನುಣ್ಣನೆಯ ಕೆಸರೇ ನಿಮ್ಮ ಕಾವಿ. ಚಿಗುರಿಗೂ ಶ್ಲೋಕದ ಅಂಕೆಗೂ ಇದೇ ಸಾಕು. ಹಳದಿಗೆ ಹಳದಿ ಮಣ್ಣು. ಅರಿಶಿನ ಬೆಳಕಿಗೆ ಮಾಸುತ್ತದೆ. ನೀಲಿಗೆ ಇಂಡಿಗೊ, ಎಲೆಹಸಿರಿಗೆ ನೀಲಿ ಮತ್ತು ಹಳದಿ ಮಣ್ಣಿನ ಮಿಶ್ರಣ, ಬಿಳಿಗೆ ಜಿಂಕ್ ಆಕ್ಸೈಡ್. ಹಳೇ ಪ್ರತಿಗಳ ಹಸಿರಿನಲ್ಲಿ ಜಂಗಾಲ (ತಾಮ್ರದ ಕಿಲುಬಿನ ಹಸಿರು) ಇದ್ದ ಕಡೆ ಕಾಗದವೇ ಸುಟ್ಟಂತೆ ಉದುರಿರುವುದುಂಟು, ಅದು ಬೇಡ. ಹಿಂಗುಳ ಪಾದರಸದ್ದು, ಅದನ್ನೂ ಬಿಡಿ.

ಆಕ್ರಿಲಿಕ್ ಸುಲಭ ಎನ್ನುವವರಿಗೆ ಒಂದು ಮಾತು: ಅದು ಸೆಕೆಗೆ ಮೆತ್ತಗಾಗುತ್ತದೆ. ಸುತ್ತಿಟ್ಟ ಸುರುಳಿ ಕಲಬುರಗಿಯ ಮೇ ತಿಂಗಳಲ್ಲಿ ಒಂದು ಪದರ ಇನ್ನೊಂದಕ್ಕೆ ಹತ್ತಿಕೊಂಡರೆ ಬಿಚ್ಚಿದಾಗ ಕೃಷ್ಣನ ಮುಖ ಶ್ಲೋಕದ ಬೆನ್ನಿಗೆ ಬಂದಿರುತ್ತದೆ.

ಗೋಂದಿನ ಹದವೇ ಇಲ್ಲಿ ನಿಜವಾದ ವಿದ್ಯೆ. ಹೆಚ್ಚಾದರೆ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಕೈಗೆ ಹತ್ತುತ್ತದೆ. ಪ್ರತಿ ಬಣ್ಣವನ್ನೂ ಉಳಿದ ಕಾಗದದ ತುಂಡಿಗೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಬಿಳಿ ಬಟ್ಟೆಯಿಂದ ಒರೆಸಿ. ಬಣ್ಣ ಹತ್ತಿದರೆ ಗೋಂದು ಸಾಲದು. ಆಮೇಲೆ ಸುರುಳಿಯ ಕೋಲಿಗೆ ಸುತ್ತಿ ಬಿಚ್ಚಿ, ಬೆಳಕಿಗೆ ಓರೆ ಹಿಡಿದು ನೋಡಿ. ಕೂದಲೆಳೆಯ ಬಿರುಕು ಕಂಡರೆ ಗೋಂದು ಜಾಸ್ತಿ, ಇಲ್ಲವೇ ಪದರ ದಪ್ಪ. ಎರಡರಲ್ಲೂ ಗೆದ್ದ ಮೇಲೆಯೇ ಅಸಲಿಗೆ ಕೈ ಹಾಕಿ. ಚಿತ್ರದಲ್ಲಿ ಎರಡು ತೆಳು ಪದರಕ್ಕಿಂತ ಹೆಚ್ಚು ಬೇಡ. ಬಿಳಿ ಸೇರಿದ ಬಣ್ಣ ಬೇಗ ಬಿರಿಯುವುದರಿಂದ ಮುಖ, ಕುದುರೆಗಳನ್ನು ಇನ್ನೂ ತೆಳುವಾಗಿ ಮಾಡಿ. ಕೊನೆಯ ಕಪ್ಪು ಗೆರೆ ಅಳಿಲಿನ ಕೂದಲಿನಷ್ಟು ಸಣ್ಣ ಕುಂಚದಲ್ಲಿ.

ಕೋಲು, ಬಟ್ಟೆ, ಪೆಟ್ಟಿಗೆ

ಕೋಲು 3 ಸೆಂ.ಮೀ. ದಪ್ಪ ಇರಲಿ. ಹಳೇ ಜಾತಕಗಳಲ್ಲಿ ಅಡ್ಡ ಮಡಿಕೆ ಬಿದ್ದಿರುವುದಕ್ಕೆ ತೀರಾ ಬಿಗಿಯಾಗಿ ಸುತ್ತಿದ್ದೇ ಕಾರಣ. ಚೆನ್ನಾಗಿ ಒಣಗಿದ ತೇಗ ಅಥವಾ ಬಿದಿರನ್ನು ನುಣ್ಣಗೆ ಉಜ್ಜಿ, ಕೆಳತುದಿಯ ಮಲ್‌ಮಲ್ ಭಾಗವನ್ನು ಅದಕ್ಕೆ ಅಂಟಿಸಿ. ಕೆಳಗಿನಿಂದ ಮೇಲಕ್ಕೆ, ಚಿತ್ರ ಒಳಗಾಗುವಂತೆ ಸುತ್ತುತ್ತ ಬನ್ನಿ. ಮೇಲ್ತುದಿಯ ಖಾಲಿ 20 ಸೆಂ.ಮೀ. ಹೊರಸುತ್ತಾಗಿ ಉಳಿಯುತ್ತದೆ, ಅದರ ಅಂಚಿಗೆ ತೆಳು ಬಿದಿರುಕಡ್ಡಿ, ಅಗಲವಾದ ಹತ್ತಿ ದಾರ. ರಬ್ಬರ್ ಬ್ಯಾಂಡ್ ಹಾಕಬೇಡಿ.

ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು ಎಂದು ಪುಸ್ತಕವೇ ಬೇಡುವ ಹಳೇ ಶ್ಲೋಕವೊಂದಿದೆ. ಮೂರೂ ಸುರುಳಿಗೆ ಅಕ್ಷರಶಃ ಅನ್ವಯ. ಎಣ್ಣೆ ಎಂದರೆ ದೇವರಮನೆಯ ದೀಪ ಮತ್ತು ನಮ್ಮ ಬೆರಳು. ಗಂಜಿ ಹೋಗುವಂತೆ ಒಗೆದ, ಬಣ್ಣ ಬಿಡದ ಹತ್ತಿಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಅಡ್ಡ ಮಲಗಿಸಿ. ಬಜೆ ಪುಡಿಯ ಚಿಕ್ಕ ಗಂಟನ್ನು ಪಕ್ಕದಲ್ಲಿಡಿ, ಸುರುಳಿಗೆ ತಾಗದಂತೆ. ಹೊರಗೋಡೆಗೆ ಹೊಂದಿದ ಕಪಾಟು ಬೇಡ, ಮಳೆಗಾಲದಲ್ಲಿ ಅಲ್ಲಿ ತೇವ. ಮಳೆ ನಿಂತ ಮೇಲೆ ಒಣ ದಿನ ನೋಡಿ ಒಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಯಾಡಿಸಿ. ಗೋಡೆಗೆ ತಿಂಗಳುಗಟ್ಟಲೆ ತೂಗಹಾಕಿದರೆ ಜೋಡಣೆ ಬಿಡುತ್ತದೆ.

ಮನೆಯಲ್ಲಿ ಹಳೆಯದೇ ಇದ್ದರೆ

ಮೇಲೆ ಹೇಳಿದ್ದೆಲ್ಲ ಹೊಸದಕ್ಕೆ. ಅಜ್ಜನ ಕಾಲದ ಸುರುಳಿ ಸಿಕ್ಕರೆ ಅದಕ್ಕೆ ಗಂಜಿ ಹಚ್ಚುವುದು, ಕಲ್ಲಾಡಿಸುವುದು, ಮಾಸಿದ ಬಣ್ಣದ ಮೇಲೆ ಬಣ್ಣ ಹಚ್ಚುವುದು, ಸೆಲ್ಲೋಟೇಪ್ ಹಚ್ಚುವುದು ಯಾವುದೂ ಬೇಡ. ಕಾಗದ ಬಿರುಸಾಗಿದ್ದರೆ ಬಿಚ್ಚಲೂ ಹೋಗಬೇಡಿ. ಬಿಚ್ಚಲು ಬರುವಂತಿದ್ದರೆ ಒಂದೊಂದು ಗೇಣು ತೆರೆದು, ಎರಡೂ ಬದಿಗೆ ಬಟ್ಟೆಯಲ್ಲಿ ಸುತ್ತಿದ ಭಾರ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆದು, ಮತ್ತೆ ಸುತ್ತಿಡಿ. 75 ವರ್ಷ ದಾಟಿದ, ಕಲೆ ಅಥವಾ ಇತಿಹಾಸದ ದೃಷ್ಟಿಯಿಂದ ಬೆಲೆಯುಳ್ಳ ಹಸ್ತಪ್ರತಿ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಅಮೆರಿಕದ ಮಗನ ಮನೆಯ ಗೋಡೆಗೆ ಚೆನ್ನಾಗಿರುತ್ತದೆಂದು ಸೂಟ್‌ಕೇಸಿಗೆ ಹಾಕಿ ಕಳಿಸುವಂತಿಲ್ಲ. ಅವನಿಗೆ ಬೇಕಾದರೆ ಹೊಸದೊಂದನ್ನು ಮಾಡಿ ಕೊಡಿ.